ಗಣೆಯ ಕೊನೆಯ ಉಸಿರು ಉಳಿಸಲು: ಡಿಜಿಟಲ್ ಧ್ವನಿಗೆ ಡಿದರ್ ಹಾಕುವ ಪೂರ್ತಿ ಕ್ರಮ

ಶಿರಾ ಸೀಮೆಯಲ್ಲಿ ಕಾಡುಗೊಲ್ಲರ ದೈವವಾದ ಜುಂಜಪ್ಪನ ಪದ ಹೇಳುವವರು ಊದುವ ಗಣೆಯನ್ನು ಹತ್ತಿರ ಕೂತು ಕೇಳಿದವರಿಗೆ ಗೊತ್ತು, ಅದು ಥಟ್ಟನೆ ನಿಲ್ಲುವ ವಾದ್ಯವಲ್ಲ. ಉದ್ದನೆಯ ಬಿದಿರು, ಅದರೊಳಗೆ ಓಡುವ ಉಸಿರು. ಸ್ವರ ಮುಗಿದ ಮೇಲೂ ಬರೀ ಗಾಳಿಯಾಗಿ ಒಂದಷ್ಟು ಹೊತ್ತು ಉಳಿದು, ಎಲ್ಲಿ ಮುಗಿಯಿತೆಂದು ಬೆರಳಿಟ್ಟು ತೋರಿಸಲಾಗದ ಹಾಗೆ ಕರಗುತ್ತದೆ.

ಕೆಲವು ವರ್ಷಗಳ ಹಿಂದೆ ಆ ಕಡೆಯ ಒಬ್ಬ ತಾತ ಊದಿದ್ದನ್ನು 24 ಬಿಟ್‌ನಲ್ಲಿ ರೆಕಾರ್ಡ್ ಮಾಡಿಕೊಂಡು ತುಮಕೂರಿಗೆ ಬಂದೆ. ಕಂಪ್ಯೂಟರಿನಲ್ಲಿ ಜೀರುಂಡೆಯ ಸದ್ದನ್ನೂ ಮೈಕಿನ ಗದ್ದಲವನ್ನೂ ನಾಯ್ಸ್ ರಿಡಕ್ಷನ್ ಹಾಕಿ ತೆಗೆದೆ. ಕೊನೆಗೆ ಸದ್ದು ಮೆಲ್ಲಗೆ ಇಳಿದು ಮುಗಿಯುವ ಹಾಗೆ ಆರು ಸೆಕೆಂಡಿನ ಫೇಡ್ ಔಟ್ ಕೊಟ್ಟೆ. 16 ಬಿಟ್‌ಗೆ ಇಳಿಸಿ, ಸಿಡಿ ಮಾಡಿ ಅವರ ಮನೆಗೆ ಕಳಿಸಿದೆ. ವಾರದ ನಂತರ ತಾತನ ಮೊಮ್ಮಗ ಫೋನ್ ಮಾಡಿದ: "ಅಣ್ಣಾ, ಎಲ್ಲಾ ಚೆನ್ನಾಗೈತೆ. ಆದ್ರೆ ಕೊನೇಲಿ ತಾತನ ಉಸಿರು ಹರಿದ ಬಟ್ಟೆ ಥರ ಕೇಳುಸ್ತೈತೆ, ಆಮೇಲೆ ಇದ್ದಕ್ಕಿದ್ದಂಗೆ ನಿಂತೋಗ್ತೈತೆ."

ಹೆಡ್‌ಫೋನ್ ಹಾಕಿ, ಕೊನೆಯ ಭಾಗಕ್ಕೆ ವಾಲ್ಯೂಮ್ ಏರಿಸಿ ಕೇಳಿದೆ. ಅವನು ಹೇಳಿದ್ದು ಅಕ್ಷರಶಃ ನಿಜ. ಫೇಡ್ ಇಳಿಯುತ್ತಾ ಹೋದ ಹಾಗೆ ಉಸಿರು ಕರಕರ ಎನ್ನುತ್ತಿತ್ತು. ಇನ್ನೂ ಒಂದೆರಡು ಸೆಕೆಂಡ್ ಉಳಿದಿರುವಾಗಲೇ ಪೂರ್ತಿ ಮಾಯ. ರೆಕಾರ್ಡರ್‌ನದಾಗಲಿ ಸಿಡಿ ಪ್ಲೇಯರ್‌ನದಾಗಲಿ ತಪ್ಪಲ್ಲ. 24 ಬಿಟ್‌ನಿಂದ 16ಕ್ಕೆ ಇಳಿಸುವಾಗ ಡಿದರ್, ಅಂದರೆ ಬೇಕೆಂದೇ ಕೂಡಿಸುವ ಸಣ್ಣ ಗದ್ದಲ, ಹಾಕದೆ ಬಿಟ್ಟದ್ದು ನಾನು. ಈ ಬರಹ ಆ ಒಂದು ಕೆಲಸದ ಬಗ್ಗೆ: ಡಿದರ್ ಏಕೆ, ಎಲ್ಲಿ, ಯಾವಾಗ, ಎಷ್ಟು.

ಹಾಲಿನ ಡೈರಿಯ ಲೆಕ್ಕ

ಡಿಜಿಟಲ್ ಧ್ವನಿ ಎಂದರೆ ಅಂಕಿಗಳ ಸಾಲು. 16 ಬಿಟ್‌ನಲ್ಲಿ ಆ ಅಂಕಿಗೆ 65,536 ಮೆಟ್ಟಿಲು, 24 ಬಿಟ್‌ನಲ್ಲಿ 1,67,77,216. ಡಿಜಿಟಲ್‌ನಿಂದ ಅನಲಾಗ್‌ಗೆ ಬದಲಿಸುವ ಚಿಪ್ಪಿಗೆ ಎಲ್ಲರೂ ಡ್ಯಾಕ್ ಎನ್ನುತ್ತೇವೆ. ಅದು ಒಂದೊಂದು ಅಂಕಿಯನ್ನೂ ಒಂದೊಂದು ವೋಲ್ಟೇಜಾಗಿ ಹೊರಗೆ ಕೊಡುತ್ತದೆ. ಸಿಡಿ ಪ್ಲೇಯರ್‌ನ ಲೈನ್ ಔಟ್ ಸಾಮಾನ್ಯವಾಗಿ 2 ವೋಲ್ಟ್ ಆರ್‌ಎಂಎಸ್ (ಏರಿಳಿಯುವ ವೋಲ್ಟೇಜಿನ ಒಂದು ಬಗೆಯ ಸರಾಸರಿ). ಮೇಲಿನ ತುದಿಯಿಂದ ಕೆಳಗಿನ ತುದಿಗೆ ಸುಮಾರು 5.66 ವೋಲ್ಟ್. ಅದನ್ನು 65,536ರಿಂದ ಭಾಗಿಸಿದರೆ ಒಂದು ಮೆಟ್ಟಿಲು ಸುಮಾರು 86 ಮೈಕ್ರೋವೋಲ್ಟ್. ಎರಡು ಮೆಟ್ಟಿಲುಗಳ ನಡುವೆ ಬೀಳುವ ಸದ್ದನ್ನು ಹತ್ತಿರದ ಮೆಟ್ಟಿಲಿಗೆ ತಳ್ಳಲೇಬೇಕು. ತೊಂದರೆ ಶುರುವಾಗುವುದು ಆ ತಳ್ಳುವಿಕೆಯಲ್ಲಿ.

ಊರಿನ ಹಾಲಿನ ಡೈರಿಯಲ್ಲಿ ಪೂರ್ತಿ ಲೀಟರ್ ಮಾತ್ರ ಬರೆದುಕೊಳ್ಳುತ್ತಾರೆ ಎಂದುಕೊಳ್ಳಿ. ನೀವು ದಿನಾ 4.3 ಲೀಟರ್ ಹಾಕುತ್ತೀರಿ. ಹತ್ತಿರದ ಅಂಕಿ 4, ಹಾಗಾಗಿ ದಿನಾ 4 ಎಂದೇ ಚೀಟಿ. 30 ದಿನಕ್ಕೆ ನೀವು ಹಾಕಿದ್ದು 129 ಲೀಟರ್, ಚೀಟಿಯಲ್ಲಿರುವುದು 120. ಒಂಬತ್ತು ಲೀಟರ್ ಎಲ್ಲೂ ಕಾಣಿಸದೆ ಹೋಯಿತು. ಅದೂ ದಿನಾ ಒಂದೇ ಕಡೆಗೆ, ಒಂದೇ ರೀತಿಯ ತಪ್ಪು. ಇನ್ನು ಅರ್ಧ ಲೀಟರಿಗಿಂತ ಕಡಿಮೆ ತರುವ ಮುದುಕಿಯ ಚೀಟಿಯಲ್ಲಿ ವರ್ಷವಿಡೀ ಸೊನ್ನೆ.

ಈಗ ಕ್ರಮ ಬದಲಿಸೋಣ. ಅಳೆಯುವ ಮೊದಲು ಲಾಟರಿಯ ಹಾಗೆ ಒಂದು ಚೀಟಿ ಎತ್ತಿ, ಅರ್ಧ ಲೀಟರ್ ಕಡಿಮೆಯಿಂದ ಅರ್ಧ ಲೀಟರ್ ಹೆಚ್ಚಿನವರೆಗೆ ಯಾವುದೋ ಒಂದು ಅಂಕಿಯನ್ನು ನಿಮ್ಮ ಅಳತೆಗೆ ಕೂಡಿಸುತ್ತಾರೆ, ಆಮೇಲೆ ಹತ್ತಿರದ ಲೀಟರಿಗೆ ತಳ್ಳುತ್ತಾರೆ. ಹತ್ತರಲ್ಲಿ ಸುಮಾರು ಮೂರು ದಿನ 5 ಬರುತ್ತದೆ, ಏಳು ದಿನ 4. ತಿಂಗಳ ಮೊತ್ತ 129ರ ಆಸುಪಾಸಿಗೆ ಬಂದು ನಿಲ್ಲುತ್ತದೆ. ಒಂದೊಂದು ದಿನದ ಲೆಕ್ಕ ಸ್ವಲ್ಪ ಏರುಪೇರು, ತಿಂಗಳ ಲೆಕ್ಕ ಸರಿ. ಮುದುಕಿಯ ಹಾಲೂ ಲೆಕ್ಕಕ್ಕೆ ಬಂತು.

ಡಿದರ್ ಎಂದರೆ ಇಷ್ಟೇ. ಬಿಟ್ ಕತ್ತರಿಸುವ ಮೊದಲು ಒಂದೆರಡು ಮೆಟ್ಟಿಲಿನಷ್ಟು ಗೊತ್ತುಗುರಿಯಿಲ್ಲದ ಗದ್ದಲವನ್ನು ಕೂಡಿಸುವುದು. ಆ ಇಂಗ್ಲಿಷ್ ಪದಕ್ಕೆ ನಡುಗು, ಅಲುಗು ಎಂಬರ್ಥವಿದೆ. ರಾಗಿ ಅಳೆಯುವವರು ಸೇರನ್ನು ಕೊಂಚ ಅಲ್ಲಾಡಿಸಿ ಕಾಳು ಕೂರಿಸುತ್ತಾರಲ್ಲ, ಆ ಬಗೆಯ ಅಲುಗು. ಸಿಡಿಯಲ್ಲಿ ಸೆಕೆಂಡಿಗೆ 44,100 ಅಂಕಿಗಳಿರುತ್ತವೆ. ಕಿವಿ ಆ 44,100 ಚೀಟಿಗಳ ಮೊತ್ತವನ್ನು ಕೇಳುತ್ತದೆಯೇ ಹೊರತು ಒಂದೊಂದನ್ನೇ ಅಲ್ಲ. ಹಾಗಾಗಿ ಮೆಟ್ಟಿಲಿಗಿಂತ ಚಿಕ್ಕ ಸದ್ದೂ ಆ ಗದ್ದಲದೊಳಗೆ ಬದುಕಿರುತ್ತದೆ.

ಗದ್ದಲದ ಕೆಳಗಿರುವ ಸದ್ದು ಉಳಿಯುತ್ತದೆ ಎಂದರೆ ನಂಬಲು ಕಷ್ಟ. ಮಧುಗಿರಿ ದಾಟಿ ಪೂರ್ವಕ್ಕೆ ಹೋದರೆ ಗೌರಿಬಿದನೂರು ಸಿಗುತ್ತದೆ. ಅಲ್ಲಿನ ಬಯಲಿನಲ್ಲಿ 34.5 ಮೆಗಾಹರ್ಟ್ಜ್‌ನಲ್ಲಿ ಆಕಾಶವನ್ನು ಆಲಿಸಿದ ರೇಡಿಯೋ ದೂರದರ್ಶಕವಿದೆ. ರೇಡಿಯೋ ಖಗೋಳದವರು ಹಿಡಿಯುವ ಸದ್ದು ಸಾಮಾನ್ಯವಾಗಿ ಗದ್ದಲದ ಅಡಿಯಲ್ಲೇ ಇರುತ್ತದೆ. ಆ ವಿದ್ಯೆಯಲ್ಲಿ ಬರೀ ಒಂದು ಬಿಟ್‌ನಲ್ಲಿ, ಅಂದರೆ ಸೊನ್ನೆಗಿಂತ ಮೇಲೋ ಕೆಳಗೋ ಎಂದಷ್ಟೇ ಬರೆದುಕೊಂಡು ಬಹಳ ಹೊತ್ತು ಸರಾಸರಿ ತೆಗೆಯುವ ಪದ್ಧತಿ ಹಳೆಯದು. ಸಿಗ್ನಲ್ ಜೊತೆಗೇ ಬರುವ ಗದ್ದಲ ಅಲ್ಲಿ ಡಿದರ್‌ನ ಕೆಲಸ ಮಾಡುತ್ತದೆ.

ನನ್ನ ತಪ್ಪಿನ ಅರ್ಧ ಕಾರಣವೂ ಇಲ್ಲೇ ಇದೆ. ಹೊಲದಲ್ಲಿ ಮಾಡಿದ ರೆಕಾರ್ಡಿಂಗ್‌ನಲ್ಲಿ ಮೈಕಿನ, ಗಾಳಿಯ, ಜೀರುಂಡೆಯ ಗದ್ದಲ 16 ಬಿಟ್‌ನ ಕೊನೆಯ ಮೆಟ್ಟಿಲಿಗಿಂತ ಎಷ್ಟೋ ಮೇಲಿರುತ್ತದೆ. ಅದನ್ನು ಹಾಗೇ ಬಿಟ್ಟಿದ್ದರೆ ಡಿದರ್ ಹಾಕದೆಯೂ ಪಾರಾಗುತ್ತಿದ್ದೆ. ಆ ಗದ್ದಲವನ್ನು ತೆಗೆದು ಹಾಕಿ, ಉಳಿದದ್ದನ್ನು ಫೇಡ್ ಮಾಡಿ ಕೊನೆಯ ಮೆಟ್ಟಿಲಿನವರೆಗೆ ಇಳಿಸಿದೆ. ತಾತನ ಉಸಿರಿಗೆ ಆಸರೆ ಇಲ್ಲದಂತಾಯಿತು. ನಾಯ್ಸ್ ರಿಡಕ್ಷನ್, ನಾಯ್ಸ್ ಗೇಟ್, ಫೇಡ್, ಕಂಪ್ಯೂಟರಿನಲ್ಲೇ ಹುಟ್ಟಿದ ತಂಬೂರಿ ಶ್ರುತಿ, ಡಿಜಿಟಲ್ ರಿವರ್ಬ್, ಇಂಥವನ್ನು ಮುಟ್ಟಿದ್ದೀರಿ ಎಂದರೆ ಡಿದರ್ ಮರೆಯಬೇಡಿ.

ಒಂದು ಚೀಟಿ ಸಾಲದು, ಎರಡು ಬೇಕು

ಡಿದರ್‌ನಲ್ಲಿ ಬಗೆಗಳಿವೆ. ಮೇಲೆ ಹೇಳಿದ ಹಾಗೆ ಒಂದೇ ಚೀಟಿ ಎತ್ತುವುದನ್ನು ರೆಕ್ಟ್ಯಾಂಗಲ್ ಎನ್ನುತ್ತಾರೆ. ಸರಾಸರಿ ಸರಿಯಾಗುತ್ತದೆ, ಆದರೆ ಇನ್ನೊಂದು ದೋಷ ಉಳಿಯುತ್ತದೆ. ದಿನಾ ಸರಿಯಾಗಿ 4 ಲೀಟರ್ ತರುವವರ ಚೀಟಿ ಅಲ್ಲಾಡುವುದೇ ಇಲ್ಲ. ನಾಲ್ಕೂವರೆ ತರುವವರದ್ದು 4, 5, 5, 4 ಎಂದು ವಿಪರೀತ ಅಲ್ಲಾಡುತ್ತದೆ. ಧ್ವನಿಯಲ್ಲಿ ಇದು ಹಾಡಿನ ಜೊತೆ ಏರಿಳಿಯುವ ಸುಯ್ ಸದ್ದಾಗಿ ಕೇಳಿಸುತ್ತದೆ. ಒಂದೇ ಸಮ ಇರುವ ಸುಯ್ ಸದ್ದನ್ನು ಕಿವಿ ಮರೆತುಬಿಡುತ್ತದೆ, ಏರಿಳಿಯುವುದನ್ನು ಮರೆಯುವುದಿಲ್ಲ.

ಒಂದೊಂದು ಮೆಟ್ಟಿಲಿನಷ್ಟು ಅಗಲದ ಎರಡು ಬೇರೆ ಬೇರೆ ಚೀಟಿ ಎತ್ತಿ ಕೂಡಿಸಿದರೆ ಈ ದೋಷವೂ ಹೋಗುತ್ತದೆ. ಎರಡು ದಾಳ ಉರುಳಿಸಿದಾಗ 7 ಹೆಚ್ಚು ಬಾರಿ ಬಿದ್ದು 2, 12 ಅಪರೂಪವಾಗುವ ಹಾಗೆ, ಇಲ್ಲಿಯೂ ನಡುವಿನ ಅಂಕಿಗಳು ಹೆಚ್ಚು, ತುದಿಯವು ಕಡಿಮೆ. ನಕ್ಷೆ ಬರೆದರೆ ತ್ರಿಕೋನ, ಅದಕ್ಕೇ ಟ್ರಯಾಂಗಲ್ ಡಿದರ್ ಎಂದು ಹೆಸರು. ಅಮೆರಿಕದ ಎಂಜಿನಿಯರ್ ಲಾರೆನ್ಸ್ ರಾಬರ್ಟ್ಸ್ 1962ರಲ್ಲಿ ಚಿತ್ರಗಳನ್ನು ಕಡಿಮೆ ಬಿಟ್‌ನಲ್ಲಿ ಕಳಿಸಲು ಗದ್ದಲ ಕೂಡಿಸುವ ಉಪಾಯವನ್ನು ಪ್ರಕಟಿಸಿದ್ದರು. ಧ್ವನಿಯ ವಿಷಯದಲ್ಲಿ, ಕೊನೆಯ ಬಿಟ್‌ಗಿಂತ ಚಿಕ್ಕ ಸದ್ದೂ ಡಿದರ್‌ನಿಂದ ಉಳಿಯುತ್ತದೆ ಎಂದು ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯದ ಜಾನ್ ವಾಂಡರ್‌ಕೂಯ್ ಮತ್ತು ಸ್ಟಾನ್ಲಿ ಲಿಪ್‌ಶಿಟ್ಜ್ 1984ರಲ್ಲಿ ವಿವರವಾಗಿ ತೋರಿಸಿಕೊಟ್ಟರು.

ಇದಕ್ಕೆ ಕೊಡುವ ಬೆಲೆ ಎಷ್ಟು? ಡಿದರ್ ಇಲ್ಲದ 16 ಬಿಟ್‌ಗೆ ಲೆಕ್ಕದ ಪ್ರಕಾರ ಸುಮಾರು 98 ಡೆಸಿಬಲ್ ವ್ಯಾಪ್ತಿ, ಅಂದರೆ ಅತಿ ಜೋರಾದ ಸದ್ದಿಗೂ ತಳದ ಗದ್ದಲಕ್ಕೂ ನಡುವಿನ ಅಂತರ. ಟ್ರಯಾಂಗಲ್ ಹಾಕಿದರೆ ಗದ್ದಲ 4.77 ಡೆಸಿಬಲ್ ಏರಿ ವ್ಯಾಪ್ತಿ ಸುಮಾರು 93 ಆಗುತ್ತದೆ. ಹಾಡಿನ ಅತಿ ಜೋರಾದ ಜಾಗ ಕಿವಿಗೆ 100 ಡೆಸಿಬಲ್‌ನಷ್ಟು ಕೇಳುವ ಹಾಗೆ ಇಟ್ಟರೂ ಡಿದರ್ ಗದ್ದಲ 7 ಡೆಸಿಬಲ್‌ನ ಸುತ್ತ ಇರುತ್ತದೆ. ರಾತ್ರಿ ಹೊತ್ತಿನ ಮನೆಯ ಕೋಣೆಯೇ ಅದಕ್ಕಿಂತ ಗದ್ದಲ. ಕರಕರ ಕೇಳಿಸುವುದಕ್ಕಿಂತ ಇದು ಎಷ್ಟೋ ಮೇಲು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಮೊದಲು ನಿಮ್ಮ ಕಿವಿಯಿಂದಲೇ ಕೇಳಿ

ನನ್ನ ಮಾತು ನಂಬುವ ಮೊದಲು ಹತ್ತು ನಿಮಿಷ ಕೊಟ್ಟು ಈ ಪ್ರಯೋಗ ಮಾಡಿ. ಉಚಿತವಾಗಿ ಸಿಗುವ ಆಡಾಸಿಟಿ ಎಂಬ ತಂತ್ರಾಂಶ ಸಾಕು.

1. ಹೊಸ ಮೊನೊ ಟ್ರ್ಯಾಕ್‌ನಲ್ಲಿ ಟೋನ್ ಹುಟ್ಟಿಸಿ: ಸೈನ್, 1000 ಹರ್ಟ್ಜ್, ಆಂಪ್ಲಿಟ್ಯೂಡ್ 0.1, ಹತ್ತು ಸೆಕೆಂಡ್. ಡಿಜಿಟಲ್‌ನ ಅತಿ ಜೋರಾದ ಮಟ್ಟ ಸೊನ್ನೆ ಡೆಸಿಬಲ್ ಎಂದುಕೊಂಡರೆ ಇದರ ಮಟ್ಟ ಮೈನಸ್ 20. ಟ್ರ್ಯಾಕ್ 32 ಬಿಟ್ ಫ್ಲೋಟ್‌ನಲ್ಲಿ, ಅಂದರೆ ಅತಿ ಚಿಕ್ಕ ಅಂಕಿಯನ್ನೂ ಹಿಡಿಯುವ ದಶಮಾಂಶ ರೂಪದಲ್ಲಿ ಇರಲಿ.

2. ಆಂಪ್ಲಿಫೈ ಎಫೆಕ್ಟ್‌ನಲ್ಲಿ ಮೈನಸ್ 40 ಡೆಸಿಬಲ್ ಕೊಡಿ, ಮತ್ತೊಮ್ಮೆ ಮೈನಸ್ 40 ಕೊಡಿ. ಈಗ ಸ್ವರ ಮೈನಸ್ 100ರಲ್ಲಿದೆ, ಅಂದರೆ 16 ಬಿಟ್‌ನ ಒಂದು ಮೆಟ್ಟಿಲಿನ ಮೂರನೇ ಒಂದು ಭಾಗದಷ್ಟು ಮಾತ್ರ.

3. ಪ್ರಿಫರೆನ್ಸಸ್ ತೆರೆಯಿರಿ. ಹಳೆಯ ಆವೃತ್ತಿಗಳಲ್ಲಿ ಕ್ವಾಲಿಟಿ ಎಂಬಲ್ಲಿ, ಹೊಸದರಲ್ಲಿ ಆಡಿಯೊ ಸೆಟಿಂಗ್ಸ್ ಒಳಗೆ, ಹೈ ಕ್ವಾಲಿಟಿ ಕನ್ವರ್ಷನ್ ಭಾಗದಲ್ಲಿ ಡಿದರ್ ಆಯ್ಕೆ ಇದೆ. ಅದನ್ನು ನನ್ (None, ಯಾವುದೂ ಬೇಡ) ಮಾಡಿ. 16 ಬಿಟ್ ವೇವ್ ಫೈಲಾಗಿ ಎಕ್ಸ್‌ಪೋರ್ಟ್ ಮಾಡಿ.

4. ಅದೇ ಆಯ್ಕೆಯನ್ನು ಟ್ರಯಾಂಗಲ್‌ಗೆ ಬದಲಿಸಿ, ಬೇರೆ ಹೆಸರಿನಲ್ಲಿ ಇನ್ನೊಮ್ಮೆ ಎಕ್ಸ್‌ಪೋರ್ಟ್ ಮಾಡಿ.

5. ಎರಡನ್ನೂ ತೆರೆದು, ಎರಡು ಸಲವಾಗಿ 40 ಮತ್ತು 30 ಡೆಸಿಬಲ್ ಏರಿಸಿ. ಕೇಳುವ ಮೊದಲು ಹೆಡ್‌ಫೋನ್ ವಾಲ್ಯೂಮನ್ನು ಕಡ್ಡಾಯವಾಗಿ ಇಳಿಸಿ.

ಮೊದಲನೆಯ ಫೈಲ್‌ನಲ್ಲಿ ಏನೂ ಇಲ್ಲ. ಎಷ್ಟು ಏರಿಸಿದರೂ ನೇರ ಗೆರೆ, ಅರ್ಧ ಲೀಟರಿಗಿಂತ ಕಡಿಮೆ ತಂದ ಮುದುಕಿಯ ಸೊನ್ನೆ ಚೀಟಿ. ಎರಡನೆಯದರಲ್ಲಿ ಮಳೆಯಂಥ ಸುಯ್ ಸದ್ದು, ಅದರೊಳಗೆ ಶುದ್ಧವಾದ ಸ್ವರ. ಇನ್ನು ಇದನ್ನೇ ಮೈನಸ್ 90 ಡೆಸಿಬಲ್‌ಗೆ ಮಾಡಿ ನೋಡಿ (40ರ ಬದಲು ಎರಡು ಸಲ 35). ಡಿದರ್ ಇಲ್ಲದ ಫೈಲ್‌ನಲ್ಲಿ ಈ ಸಲ ಸದ್ದು ಇರುತ್ತದೆ, ಆದರೆ ಅದು ಸೈನ್ ಆಗಿರುವುದಿಲ್ಲ. ಮೇಲೊಂದು, ನಡುವೊಂದು, ಕೆಳಗೊಂದು ಎಂದು ಮೂರೇ ಮೆಟ್ಟಿಲಿನ ಮೊಂಡು ಅಲೆ, ಕಿವಿಗೆ ಝೇಂಕರಿಸುವ ಒರಟು ಸದ್ದು. ತಾತನ ಉಸಿರಿಗೆ ಆದದ್ದು ಇದೇ.

ರೆಕಾರ್ಡಿಂಗ್‌ನಿಂದ 16 ಬಿಟ್‌ವರೆಗಿನ ದಾರಿ

ರೆಕಾರ್ಡ್ ಮಾಡುವಾಗ 24 ಬಿಟ್ ಇಡಿ. ಡಿದರ್ ಚಿಂತೆ ಇಲ್ಲಿ ಬೇಡ. 24 ಬಿಟ್‌ನ ಒಂದು ಮೆಟ್ಟಿಲು, ಮೇಲಿನ 2 ವೋಲ್ಟ್ ಲೆಕ್ಕದಲ್ಲಿ, ಸುಮಾರು 0.34 ಮೈಕ್ರೋವೋಲ್ಟ್. ಕೋಣೆಯ ಬಿಸಿಗೆ ಒಂದು ಕಿಲೋ ಓಮ್ ರೆಸಿಸ್ಟರ್ ತಾನಾಗಿಯೇ ಹುಟ್ಟಿಸುವ ಗದ್ದಲ, ಕಿವಿ ಕೇಳುವ 20 ಕಿಲೋಹರ್ಟ್ಜ್‌ವರೆಗೆ, 0.57 ಮೈಕ್ರೋವೋಲ್ಟ್‌ನ ಆಸುಪಾಸು. ಯಂತ್ರದ ಸ್ವಂತ ಗದ್ದಲವೇ ಮೆಟ್ಟಿಲಿಗಿಂತ ದೊಡ್ಡದಾದ್ದರಿಂದ ಡಿದರ್ ತಾನಾಗಿಯೇ ಆಗಿರುತ್ತದೆ.

ಕಂಪ್ಯೂಟರಿಗೆ ತಂದ ಮೇಲೆ ಪ್ರಾಜೆಕ್ಟ್ 32 ಬಿಟ್ ಫ್ಲೋಟ್‌ನಲ್ಲಿರಲಿ. ನಡುವೆ ಉಳಿಸಿಕೊಳ್ಳುವ ಫೈಲ್‌ಗಳೂ ಅದರಲ್ಲೇ ಇರಲಿ. ಪ್ರತಿ ದಿನದ ಕೆಲಸ ಮುಗಿದಾಗ 16 ಬಿಟ್‌ಗೆ ಉಳಿಸಿ ಮರುದಿನ ತೆರೆಯುವ ಅಭ್ಯಾಸ ಇದ್ದರೆ ಬಿಟ್ಟುಬಿಡಿ. ಪ್ರತಿ ಸಲವೂ ಹೊಸ ಡಿದರ್ ಬೇಕಾಗುತ್ತದೆ, ಎರಡು ಸಲ ಹಾಕಿದರೆ ಗದ್ದಲ 3 ಡೆಸಿಬಲ್ ಏರುತ್ತದೆ.

ಇನ್ನು ಕೆಲಸದ ಸರದಿ. ಗದ್ದಲ ತೆಗೆಯುವುದು, ಈಕ್ಯೂ (ತಗ್ಗು, ಎತ್ತರದ ಸ್ವರಗಳ ಹದ), ಮಟ್ಟ ಹೊಂದಿಸುವುದು, ಫೇಡ್, ಎಲ್ಲ ಮೊದಲು. 48 ಕಿಲೋಹರ್ಟ್ಜ್‌ನಿಂದ (ಸೆಕೆಂಡಿಗೆ 48,000 ಅಂಕಿ) ಸಿಡಿಯ 44.1ಕ್ಕೆ ಬದಲಿಸುವುದಿದ್ದರೆ ಅದು ಆಮೇಲೆ. ಅತಿ ಜೋರಿನ ತುದಿಯಲ್ಲಿ ಒಂದು ಡೆಸಿಬಲ್‌ನಷ್ಟು ಜಾಗ ಬಿಟ್ಟಿರಿ. ಎಲ್ಲಕ್ಕಿಂತ ಕೊನೆಗೆ ಡಿದರ್, ಅದರ ಬೆನ್ನಿಗೇ 16 ಬಿಟ್. ಅದಾದ ಮೇಲೆ ಫೈಲನ್ನು ಮುಟ್ಟಬಾರದು. ಡಿದರ್ ಹಾಕಿದ ಫೈಲನ್ನು ನಾರ್ಮಲೈಸ್ ಮಾಡಿ ಮಟ್ಟ ಬದಲಿಸಿದರೆ, ಫೇಡ್ ಕೊಟ್ಟರೆ, ಹೊಸ ಗುಣಾಕಾರ ಆಗಿ ಹೊಸ ತಳ್ಳುವಿಕೆ ಶುರುವಾಗುತ್ತದೆ. ನನ್ನ ಹತ್ತಿರ ಬರುವ ಫೈಲ್‌ಗಳಲ್ಲಿ ಅತಿ ಹೆಚ್ಚು ಕಾಣುವ ತಪ್ಪು ಇದು: ಡಿದರ್ ಹಾಕಿದ್ದಾರೆ, ಆದರೆ ಫೇಡ್ ಆಮೇಲೆ ಕೊಟ್ಟಿದ್ದಾರೆ.

ಆಡಾಸಿಟಿಯಲ್ಲಿ ಎಕ್ಸ್‌ಪೋರ್ಟ್ ಹೊತ್ತಿಗೆ ಹೇಗೂ ಮೇಲೆ ಹೇಳಿದ ಆಯ್ಕೆ ಅನ್ವಯವಾಗುತ್ತದೆ. ರೀಪರ್ ತಂತ್ರಾಂಶದಲ್ಲಿ ರೆಂಡರ್ ಕಿಟಕಿಯಲ್ಲೇ ಡಿದರ್‌ಗೆ ಟಿಕ್ ಇದೆ, ಆರ್ಡರ್ (Ardour) ತಂತ್ರಾಂಶದಲ್ಲಿ ಎಕ್ಸ್‌ಪೋರ್ಟ್ ಫಾರ್ಮ್ಯಾಟ್ ಒಳಗೆ. ಆಡಾಸಿಟಿ ತಾನಾಗಿ ಆರಿಸಿಕೊಂಡಿರುವುದು ಶೇಪ್ಡ್. ಇದರಲ್ಲಿ ಗದ್ದಲದ ಮೊತ್ತ ಹೆಚ್ಚಾಗುತ್ತದೆ, ಆದರೆ ಕಿವಿ ಚುರುಕಾಗಿರುವ 2ರಿಂದ 5 ಕಿಲೋಹರ್ಟ್ಜ್ ಭಾಗದಿಂದ ಮೇಲಕ್ಕೆ, ನಮಗೆ ಅಷ್ಟಾಗಿ ಕೇಳದ ಕಡೆಗೆ ತಳ್ಳಲ್ಪಡುತ್ತದೆ. ಅಂತಿಮ ಸಿಡಿಗೆ ಇದು ಚೆನ್ನ. ಆ ಫೈಲನ್ನು ಬೇರೆ ಯಾರಾದರೂ ಮತ್ತೆ ತಿದ್ದುತ್ತಾರೆ ಎಂಬ ಸಣ್ಣ ಅನುಮಾನ ಇದ್ದರೂ ಟ್ರಯಾಂಗಲ್ ಆರಿಸಿ. ನಾನು ಟ್ರಯಾಂಗಲ್‌ನಲ್ಲೇ ಉಳಿದಿದ್ದೇನೆ.

ಬೇಡದ ಕಡೆಗಳೂ ಇವೆ. 32 ಬಿಟ್ ಫ್ಲೋಟ್‌ಗೆ ಉಳಿಸುವಾಗ ಬೇಡ. 16ರಿಂದ 24ಕ್ಕೆ ಏರಿಸುವಾಗ ಬೇಡ, ಅಲ್ಲಿ ಏನೂ ಕತ್ತರಿಸುತ್ತಿಲ್ಲ. ಎಂಪಿ3 ಅಥವಾ ಎಎಸಿ ಮಾಡುವಾಗ 16 ಬಿಟ್ ನಡುವೆ ತರದೆ ನೇರವಾಗಿ ಫ್ಲೋಟ್ ಅಥವಾ 24 ಬಿಟ್‌ನಿಂದ ಕೊಡಿ. 16 ಬಿಟ್ ಫೈಲ್ ತೆರೆದು, ಹಿಂದುಮುಂದು ಕತ್ತರಿಸಿ ಮತ್ತೆ 16 ಬಿಟ್‌ನಲ್ಲೇ ಉಳಿಸುವುದಾದರೆ ಡಿದರ್ ಆಯ್ಕೆಯನ್ನು ನನ್ ಮಾಡಿ, ಇಲ್ಲದಿದ್ದರೆ ಸುಮ್ಮನೆ ಗದ್ದಲ ಸೇರಬಹುದು.

ಡ್ಯಾಕ್ ಮುಂದೆ ನಿಂತಾಗ

"ಡ್ಯಾಕ್ ಒಳಗೇ ಡಿದರ್ ಇರುತ್ತಲ್ಲ, ನಾನು ಯಾಕೆ ಹಾಕಬೇಕು?" ಎಂದು ಕೇಳುವವರಿದ್ದಾರೆ. ಈಗಿನ ಬಹುಪಾಲು ಡ್ಯಾಕ್‌ಗಳು ಡೆಲ್ಟಾ ಸಿಗ್ಮಾ ಮಾದರಿಯವು. ಒಳಗೆ ಅತಿ ವೇಗದಲ್ಲಿ, ಕೆಲವೇ ಬಿಟ್‌ಗೆ ಇಳಿಸಿ ಕೆಲಸ ಮಾಡುತ್ತವೆ, ಆಗ ಏಳುವ ಸಿಳ್ಳೆಯಂಥ ಸದ್ದುಗಳನ್ನು ಅಡಗಿಸಲು ತಮ್ಮದೇ ಡಿದರ್ ಬಳಸುವುದುಂಟು. ಅದು ಅವುಗಳ ಒಳಗಿನ ವ್ಯವಹಾರ. ನೀವು ಮೊದಲೇ ಕತ್ತರಿಸಿ ಕೊಟ್ಟ ಅಂಕಿಯನ್ನು ಅವು ಸರಿಪಡಿಸಲಾರವು. ಡ್ಯಾಕ್ ದಾಟಿದ ಮೇಲೆ ಆಂಪ್ಲಿಫೈಯರ್‌ನ ಗದ್ದಲ ಸೇರಿದರೂ ಪ್ರಯೋಜನವಿಲ್ಲ. ಚೀಟಿ ಬರೆದಾದ ಮೇಲೆ ಹಾಲಿನ ಕ್ಯಾನ್ ಅಲ್ಲಾಡಿಸಿದ ಹಾಗೆ.

ನಿಮ್ಮ ಕೈಯಲ್ಲಿರುವುದು ವಾಲ್ಯೂಮ್. ಕಂಪ್ಯೂಟರಿನ ವಾಲ್ಯೂಮ್ ಕಡ್ಡಿ ಎಳೆದಾಗ ಆಗುವುದು ಗುಣಾಕಾರ, ಪ್ರತಿ 6 ಡೆಸಿಬಲ್‌ಗೆ ಒಂದು ಬಿಟ್ ಕೆಳಗೆ ಜಾರುತ್ತದೆ. ಔಟ್‌ಪುಟ್ 16 ಬಿಟ್‌ನಲ್ಲಿದ್ದು 36 ಡೆಸಿಬಲ್ ಇಳಿಸಿದರೆ ಉಳಿಯುವುದು 10 ಬಿಟ್‌ನಷ್ಟು. ಅದೇ ಔಟ್‌ಪುಟ್ 24 ಬಿಟ್‌ಗೆ ಇಟ್ಟರೆ 16 ಬಿಟ್ ಹಾಡನ್ನು 48 ಡೆಸಿಬಲ್ ಇಳಿಸುವವರೆಗೂ ಏನೂ ಕಳೆಯುವುದಿಲ್ಲ. ವಿಂಡೋಸ್‌ನಲ್ಲಿ ಸೌಂಡ್ ಸೆಟಿಂಗ್ಸ್‌ಗೆ ಹೋಗಿ, ನಿಮ್ಮ ಔಟ್‌ಪುಟ್ ಸಾಧನದ ಪ್ರಾಪರ್ಟೀಸ್‌ನಲ್ಲಿ ಫಾರ್ಮ್ಯಾಟ್ 24 ಬಿಟ್ ಮಾಡಿ. ಮ್ಯಾಕ್‌ನಲ್ಲಿ ಆಡಿಯೊ ಮಿಡಿ ಸೆಟಪ್ ಒಳಗೆ. ಲಿನಕ್ಸ್‌ನ ಪೈಪ್‌ವೈರ್‌ನಲ್ಲಿ ಡಿದರ್ ಮೆಥಡ್ ಎಂಬ ಆಯ್ಕೆಯೇ ಇದೆ. ಹಳೆಯ 16 ಬಿಟ್ ಸೌಂಡ್ ಕಾರ್ಡ್ ಬಳಸುವವರು ಅಲ್ಲಿ ಟ್ರಯಾಂಗುಲರ್ ಕೊಡಬಹುದು. ಸಾಧ್ಯವಿದ್ದರೆ ಕಂಪ್ಯೂಟರ್ ವಾಲ್ಯೂಮ್ ಪೂರ್ತಿ ಇಟ್ಟು ಆಂಪ್ಲಿಫೈಯರ್‌ನ ತಿರುಪಿನಲ್ಲೇ ಏರಿಸಿ ಇಳಿಸಿ.

ಎಂಟು ಬಿಟ್‌ನ ಪೆಟ್ಟಿಗೆ

ಡಿದರ್‌ನ ಶಕ್ತಿ ನನಗೆ ಪೂರ್ತಿ ಅರ್ಥವಾದದ್ದು ಸಿಡಿಯಲ್ಲಲ್ಲ. ಊರಿನ ಶಾಲೆಯ ಮಕ್ಕಳ ಜೊತೆ ಕೂಡಿ, ಗುಂಡಿ ಒತ್ತಿದರೆ ಗಣೆ ನುಡಿಸುವ ಒಂದು ಪೆಟ್ಟಿಗೆ ಮಾಡಿದೆವು. ಒಳಗೆ ಇಎಸ್‌ಪಿ32 ಎಂಬ ಪುಟ್ಟ ಕಂಪ್ಯೂಟರ್ ಬೋರ್ಡ್. ಇದರಲ್ಲಿ 25 ಮತ್ತು 26ನೇ ಪಿನ್‌ಗಳಲ್ಲಿ ಡ್ಯಾಕ್ ಇದೆ, ಆದರೆ ಬರೀ 8 ಬಿಟ್. 256 ಮೆಟ್ಟಿಲು, 3.3 ವೋಲ್ಟ್‌ಗೆ ಒಂದೊಂದು ಸುಮಾರು 13 ಮಿಲಿವೋಲ್ಟ್. ಕೊಳ್ಳುವಾಗ ನೋಡಿಕೊಳ್ಳಿ, ಅದೇ ಹೆಸರಿನ ಎಸ್3, ಸಿ3 ಮಾದರಿಗಳಲ್ಲಿ ಈ ಡ್ಯಾಕ್ ಇಲ್ಲ. ಐ2ಎಸ್ ಎಂಬ ಧ್ವನಿ ಸಾಗಿಸುವ ದಾರಿಯ ಮೂಲಕ 16 ಬಿಟ್ ಸ್ಯಾಂಪಲ್ (ಧ್ವನಿಯ ಒಂದು ಅಂಕಿ) ಕಳಿಸಿದರೆ ಇದು ಮೇಲಿನ 8 ಬಿಟ್ ಮಾತ್ರ ತೆಗೆದುಕೊಂಡು ಉಳಿದದ್ದನ್ನು ಬಿಸಾಡುತ್ತದೆ. ಮೊದಲ ಸಲ ನುಡಿಸಿದಾಗ ಗಣೆಯ ಪ್ರತಿ ಸ್ವರದ ತುದಿಯೂ ಮರಳು ಉಜ್ಜಿದ ಹಾಗೆ ಕೇಳಿಸಿತು.

ಡಿದರ್ ಹಾಕುವ ಕ್ರಮ ಹೀಗೆ. ಪ್ರತಿ ಸ್ಯಾಂಪಲ್‌ಗೂ ಇದು ನಡೆಯಬೇಕು.

ಮೊದಲು ವಾಲ್ಯೂಮ್. ಗುಣಾಕಾರವನ್ನು 32 ಬಿಟ್ ಪೂರ್ಣಾಂಕದಲ್ಲಿ ಮಾಡಿ. ಇದು ಡಿದರ್‌ಗಿಂತ ಮುಂಚೆಯೇ ಮುಗಿದಿರಬೇಕು.

ಆಮೇಲೆ 0ಯಿಂದ 255ರೊಳಗಿನ ಎರಡು ಯಾದೃಚ್ಛಿಕ ಅಂಕಿ ತೆಗೆದು, ಒಂದರಿಂದ ಇನ್ನೊಂದನ್ನು ಕಳೆಯಿರಿ. ಮೈನಸ್ 255ರಿಂದ 255ರವರೆಗಿನ ತ್ರಿಕೋನ ಡಿದರ್ ಸಿಕ್ಕಿತು. 16 ಬಿಟ್ ಲೆಕ್ಕದಲ್ಲಿ ಈ ಡ್ಯಾಕ್‌ನ ಒಂದು ಮೆಟ್ಟಿಲು 256, ಹಾಗಾಗಿ ಅಳತೆ ಸರಿಹೊಂದುತ್ತದೆ. ಅದನ್ನು ಸ್ಯಾಂಪಲ್‌ಗೆ ಕೂಡಿಸಿ. ಮತ್ತೆ 128 ಕೂಡಿಸಿ, ಇದು ಕತ್ತರಿಸುವ ಬದಲು ಹತ್ತಿರದ ಮೆಟ್ಟಿಲಿಗೆ ಹೋಗಲು. ಮೊತ್ತ ಮೈನಸ್ 32768ರಿಂದ 32767ರ ಆಚೆ ಹೋದರೆ ಅಲ್ಲೇ ತಡೆಯಿರಿ. ಈ ತಡೆ ಮರೆತರೆ ಜೋರಾದ ಜಾಗದಲ್ಲಿ ಅಂಕಿ ಸುತ್ತು ಹೊಡೆದು ಪಟ್ ಪಟ್ ಎಂದು ಸಿಡಿಯುತ್ತದೆ. ನಮಗೂ ಆಯಿತು. ಕೊನೆಗೆ 32768 ಕೂಡಿಸಿ ಡ್ಯಾಕ್‌ಗೆ ಕಳಿಸಿ, ಅದಕ್ಕೆ ಸೊನ್ನೆಯಿಂದ ಮೇಲಿನ ಅಂಕಿಗಳೇ ಬೇಕು.

ಯಾದೃಚ್ಛಿಕ ಅಂಕಿಗೆ ಸರಳವಾದ ಗುಣಿಸು-ಕೂಡಿಸು ಸೂತ್ರ ಬಳಸುವುದಾದರೆ ಅದರ ಮೇಲಿನ ಬಿಟ್‌ಗಳನ್ನೇ ತೆಗೆದುಕೊಳ್ಳಿ. ಕೆಳಗಿನ ಬಿಟ್‌ಗಳು ಬೇಗ ಮರುಕಳಿಸುತ್ತವೆ, ಮರುಕಳಿಸಿದರೆ ಗದ್ದಲ ಹೋಗಿ ಸ್ವರವಾಗುತ್ತದೆ. ಸ್ಟೀರಿಯೋ ಇದ್ದರೆ ಎಡಕ್ಕೂ ಬಲಕ್ಕೂ ಬೇರೆ ಬೇರೆ ಅಂಕಿ ಇರಲಿ.

ಇಷ್ಟಕ್ಕೆ ಮರಳು ಉಜ್ಜುವ ಸದ್ದು ಪೂರ್ತಿ ಹೋಯಿತು. ಬದಲಿಗೆ ಚೆನ್ನಾಗಿ ಕೇಳಿಸುವ ಸುಯ್ ಸದ್ದು ಬಂತು. ಸಹಜವೇ, ಡಿದರ್ ಸೇರಿದ 8 ಬಿಟ್‌ನ ವ್ಯಾಪ್ತಿ 45 ಡೆಸಿಬಲ್‌ನ ಸುತ್ತ ಮಾತ್ರ. ಅದನ್ನು ತಗ್ಗಿಸಲು ನಾಯ್ಸ್ ಶೇಪಿಂಗ್ ಸೇರಿಸಿದೆವು. ಹಿಂದಿನ ಸ್ಯಾಂಪಲ್‌ನಲ್ಲಿ ಆದ ತಪ್ಪನ್ನು ನೆನಪಿಟ್ಟುಕೊಂಡು ಈಗಿನ ಸ್ಯಾಂಪಲ್‌ನಿಂದ ಕಳೆಯುವುದು, ಆಮೇಲೆ ಡಿದರ್ ಕೂಡಿಸಿ ಮೆಟ್ಟಿಲಿಗೆ ತಳ್ಳುವುದು. ಹೊಸ ತಪ್ಪನ್ನು ಲೆಕ್ಕ ಹಾಕುವಾಗ ಹೊರಗೆ ಹೋದ ಅಂಕಿಯಿಂದ ಡಿದರ್ ಕೂಡಿಸುವ ಮುಂಚಿನ ಅಂಕಿಯನ್ನು ಕಳೆಯಿರಿ, ಡಿದರ್ ಆದ ನಂತರದ್ದನ್ನಲ್ಲ. ಹೊರಗಿನ ಅಂಕಿ ಮೇಲಿನ ಅಂಚಿಗೆ ಬಡಿದ ಹೊತ್ತಿನಲ್ಲಿ ತಪ್ಪಿನ ಲೆಕ್ಕವನ್ನು ಸೊನ್ನೆ ಮಾಡುವುದು ಕ್ಷೇಮ. 44.1 ಕಿಲೋಹರ್ಟ್ಜ್‌ನಲ್ಲಿ ಇದರಿಂದ ಸುಮಾರು 7 ಕಿಲೋಹರ್ಟ್ಜ್‌ನ ಕೆಳಗೆ ಗದ್ದಲ ಇಳಿಯುತ್ತದೆ, ಮೇಲೆ ಏರುತ್ತದೆ. 1 ಕಿಲೋಹರ್ಟ್ಜ್ ಹತ್ತಿರ ಇಳಿಕೆ 17 ಡೆಸಿಬಲ್. ಗಣೆಯ ಜೀವ ಇರುವುದು ಆ ಕೆಳಗಿನ ಭಾಗದಲ್ಲೇ, ಹಾಗಾಗಿ ಈ ವ್ಯಾಪಾರ ನಮಗೆ ಲಾಭದ್ದೇ ಆಯಿತು.

ಮೇಲಕ್ಕೆ ತಳ್ಳಿದ ಗದ್ದಲವನ್ನು ಕೊಂಚ ತಡೆಯಲು ಪಿನ್‌ನಿಂದ ಒಂದು ಕಿಲೋ ಓಮ್ ರೆಸಿಸ್ಟರ್, ಅದರಾಚೆಯಿಂದ ಗ್ರೌಂಡ್‌ಗೆ 10 ನ್ಯಾನೋಫ್ಯಾರಡ್ ಕೆಪಾಸಿಟರ್ ಹಾಕಿದೆವು. ಇದು 16 ಕಿಲೋಹರ್ಟ್ಜ್‌ನ ಹತ್ತಿರದಿಂದ ಇಳಿಸುತ್ತಾ ಹೋಗುತ್ತದೆ. ಅಲ್ಲಿಂದ ಒಂದು 10 ಮೈಕ್ರೋಫ್ಯಾರಡ್ ಕೆಪಾಸಿಟರ್ ಮೂಲಕ ಆಂಪ್ಲಿಫೈಯರ್‌ಗೆ. ಹಾಡು ಮುಗಿದ ಮೇಲೂ ಡಿದರ್ ಓಡುತ್ತಿದ್ದರೆ ಪೆಟ್ಟಿಗೆ ಸುಮ್ಮನೆ ಸುಯ್ ಎನ್ನುತ್ತಿರುತ್ತದೆ. ಫೇಡ್ ಪೂರ್ತಿ ಇಳಿದ ಒಂದು ಸೆಕೆಂಡಿನ ನಂತರ ಆಂಪ್ಲಿಫೈಯರನ್ನೇ ಮಲಗಿಸಿ, ಅದಕ್ಕೂ ಮುಂಚೆ ಬೇಡ.

ಎರಡನೆಯ ಪೆಟ್ಟಿಗೆ ಮಾಡುವಾಗ ಪಿಸಿಎಂ5102ಎ ಡ್ಯಾಕ್ ಬೋರ್ಡ್ ಹಾಕಿದೆವು. 112 ಡೆಸಿಬಲ್ ವ್ಯಾಪ್ತಿಯ 32 ಬಿಟ್ ಚಿಪ್ಪು. 16 ಬಿಟ್ ಸ್ಯಾಂಪಲನ್ನು 32 ಬಿಟ್ ಜಾಗದಲ್ಲಿಟ್ಟು ವಾಲ್ಯೂಮ್ ಗುಣಿಸಿ ಹಾಗೇ ಕಳಿಸುತ್ತೇವೆ, ಪೆಟ್ಟಿಗೆಯೊಳಗೆ ಡಿದರ್ ಬೇಕಾಗಿಲ್ಲ. ಫೈಲ್ ಮಾತ್ರ ಹೊಸದು. ತಾತನ ಮೂಲ 24 ಬಿಟ್ ರೆಕಾರ್ಡಿಂಗನ್ನು ಮತ್ತೆ ತೆರೆದು, ಜೀರುಂಡೆಯನ್ನು ಈ ಸಲ ಅದರ ಪಾಡಿಗೆ ಬಿಟ್ಟು, ಆರು ಸೆಕೆಂಡಿನ ಫೇಡ್ ಕೊಟ್ಟು, ಕೊನೆಯಲ್ಲಿ ಒಂದೇ ಒಂದು ಸಲ ಟ್ರಯಾಂಗಲ್ ಡಿದರ್ ಹಾಕಿ ಇಳಿಸಿದೆ. ಮೊಮ್ಮಗನಿಗೆ ಹೊಸ ಸಿಡಿಯೂ ಅದರಿಂದಲೇ ಹೋಯಿತು.